ಮಾಡಿಫೈ ಆದ ಕಾರಿಗೆ ಕ್ಯಾಲಿಫೋರ್ನಿಯಾದ ಸ್ಮಾಗ್ ಟೆಸ್ಟ್: ಫ್ರೀಮಾಂಟ್‌ನ ಒಂದು ಅಂಗಡಿಯ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಇದ್ದೀರಿ, ನಿಮ್ಮ ಹತ್ತಿರ ಮಾಡಿಫೈ ಆದ ಕಾರಿದೆ ಅಂದ್ರೆ ಸ್ಮಾಗ್ ಟೆಸ್ಟಿಗೆ, ಅಂದರೆ ಇಲ್ಲಿನ ಎಮಿಷನ್ ಟೆಸ್ಟಿಗೆ, ಅಗ್ಗದ ಅಂಗಡಿ ಹುಡುಕಬೇಡಿ. ಬಿಡಿಸಿ ಹೇಳುವ ಟೆಕ್ನಿಷಿಯನ್ ಇರುವ ಅಂಗಡಿ ಹುಡುಕಿ. ನನಗೆ ಅಂಥದ್ದು ಸಿಕ್ಕಿದ್ದು ಫ್ರೀಮಾಂಟ್‌ನಲ್ಲಿ. ಗ್ಯಾರೇಜುಗಳ ಸಾಲಿನ ಹಿಂಬದಿಯಲ್ಲಿ ಒಂದೇ ಕಾರು ಹಿಡಿಸುವ ಜಾಗ, ನಡೆಸುವವರೂ ಒಬ್ಬರೇ. ಈಗಲೇ ಫೋನ್ ನಿಲ್ಲುವುದಿಲ್ಲ, ಹೆಸರು ಹಾಕಬೇಡಿ ಅಂತ ಅವರೇ ಕೇಳಿಕೊಂಡಿದ್ದಾರೆ. ಹಾಗಾಗಿ ಹೆಸರು ಬರೆಯುತ್ತಿಲ್ಲ. ಅವರು ಕೆಲಸ ಮಾಡುವ ರೀತಿ ಬರೆಯುತ್ತೇನೆ. ಅದನ್ನು ಓದಿದರೆ ನಿಮ್ಮ ಊರಲ್ಲೂ ಅಂಥವರನ್ನು ಗುರುತಿಸಬಹುದು.

ನನ್ನದು 2013ರ ಸುಬಾರು ಬಿಆರ್‌ಜೆಡ್. ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದಾಗ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದಿನ ಮಾಲೀಕ ಆಗಲೇ ಎಲ್ಲ ಮಾಡಿಸಿದ್ದ: ಬೇರೆ ಇನ್‌ಟೇಕ್ (ಇಂಜಿನ್ ಗಾಳಿ ಎಳೆಯುವ ಪೈಪು), ಬೇರೆ ಹೆಡರ್ (ಇಂಜಿನ್‌ನಿಂದ ಹೊಗೆ ಹೊರಬರುವ ಮೊದಲ ಪೈಪು), ಹಿಂದಿನ ಅರ್ಧಕ್ಕೆ ಬೇರೆ ಎಕ್ಸಾಸ್ಟ್, ಕಾಯಿಲೋವರ್ (ಎತ್ತರ ಬದಲಿಸಬಹುದಾದ ಸಸ್ಪೆನ್ಷನ್), ಇಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೆ ಟ್ಯೂನ್, ಅಂದರೆ ಬದಲಾಯಿಸಿದ ಸಾಫ್ಟ್‌ವೇರ್. ಈ ಕಾರು ಓಡಿಸಿದವರಿಗೆ ಗೊತ್ತು, ಸ್ಟಾಕ್, ಅಂದರೆ ಕಂಪನಿಯಿಂದ ಬಂದ ಹಾಗೇ ಇರುವ ಇಂಜಿನ್‌ನಲ್ಲಿ 3,500ರಿಂದ 4,500 ಆರ್‌ಪಿಎಂ ನಡುವೆ ಎಳೆತ ಕುಸಿಯುತ್ತದೆ. ಗುಡ್ಡ ಹತ್ತುವಾಗ ಸರಿಯಾಗಿ ಅಲ್ಲೇ ಸುಸ್ತಾಗುತ್ತದೆ. ಹೆಡರ್ ಮತ್ತು ಟ್ಯೂನ್ ಹಾಕಿದರೆ ಆ ತಗ್ಗು ಹೆಚ್ಚುಕಡಿಮೆ ಹೋಗುತ್ತದೆ. ಕಾರು ನನಗೆ ಪ್ರಾಣ, ಅದನ್ನು ಮುಚ್ಚಿಡುವುದೇನಿಲ್ಲ.

ಆಸ್ಟಿನ್‌ನಲ್ಲೂ ಎಮಿಷನ್ ಟೆಸ್ಟ್ ಇದೆ. ಡ್ಯಾಶ್‌ಬೋರ್ಡ್ ಕೆಳಗಿನ ಪೋರ್ಟಿಗೆ ವೈರ್ ಚುಚ್ಚಿದರು, ಚೆಕ್ ಇಂಜಿನ್ ದೀಪ ಇಲ್ಲ, ಪಾಸ್. ಆಮೇಲೆ ಕೆಲಸ ಇಲ್ಲಿಗೆ ಬಂತು, ಕಾರೂ ಬಂತು. ಹೊರ ರಾಜ್ಯದಿಂದ ತಂದ ಇಂಥ ಕಾರನ್ನು ಕ್ಯಾಲಿಫೋರ್ನಿಯಾದಲ್ಲಿ ನೋಂದಾಯಿಸಬೇಕಾದರೆ ಡಿಎಂವಿಯಲ್ಲಿ (ನಮ್ಮ ಆರ್‌ಟಿಒ ಥರದ ಕಚೇರಿ) ವಿನ್ ನಂಬರ್, ಅಂದರೆ ಕಾರಿನ ಚಾಸಿ ನಂಬರ್ ಪರಿಶೀಲನೆ ಆಗಬೇಕು, ಸ್ಮಾಗ್ ಸರ್ಟಿಫಿಕೇಟ್ ಬೇಕು.

ಮೊದಲು ಕೂಪನ್ ನೋಡಿ ಒಂದು ಕಡೆ ಹೋದೆ. ಕಾರು ಒಳಗೆ ಹೋಯಿತು, ಹೊರಗೆ ಬಂತು, ಕೈಗೊಂದು ಕಾಗದ ಬಂತು: ಫೇಲ್. ಯಾಕೆ ಅಂತ ಕೇಳಿದರೆ "ಮಾಡಿಫೈಡ್" ಅಂದರು. ಯಾವುದು ಅಂದರೆ "ಎಲ್ಲ". ಅಷ್ಟೇ, ಮುಂದಿನ ಕಾರಿಗೆ ಕೈ ಬೀಸಿದರು. ಎಲ್ಲವೂ ತಪ್ಪು ಅನ್ನುವುದು ಉತ್ತರ ಅಲ್ಲ. ಆ ಮಾತು ನಂಬಿ ಕಾಯಿಲೋವರಿಂದ ಹಿಡಿದು ಎಲ್ಲ ಬಿಚ್ಚಿಸಿ ದುಡ್ಡು ಕಳೆದುಕೊಳ್ಳುವವರೂ ಇದ್ದಾರೆ. ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಅದಕ್ಕೆ.

ಫ್ರೀಮಾಂಟ್‌ನ ಅಂಗಡಿ ಹೇಳಿದ್ದು ಆಫೀಸಿನ ಗೆಳೆಯ. ಅವನು ಹಾಸನದವನು, ಹಳೇ ಹೋಂಡಾ ಸಿವಿಕ್ ಒಂದನ್ನು ಮಗುವಿನ ಹಾಗೆ ಸಾಕಿಕೊಂಡಿದ್ದಾನೆ. "ಅಲ್ಲಿ ಹೋಗು ಮಾರಾಯ, ಟೆಸ್ಟ್ ಮಾಡೋಕೆ ಮುಂಚೆ ಕಾರು ನೋಡ್ತಾರೆ" ಅಂದ.

ಹೌದು, ನೋಡಿದರು. ಕಂಪ್ಯೂಟರ್ ಆನ್ ಮಾಡುವ ಮೊದಲೇ ಬಾನೆಟ್ ಎತ್ತಿಸಿದರು. ಬಾನೆಟ್ಟಿನ ಒಳಮೈಗೆ ಅಂಟಿಸಿದ ಎಮಿಷನ್ ಲೇಬಲ್ ಓದಿದರು. ಕಾರಿಗೆ ಕಂಪನಿಯವರು ಏನೇನು ಎಮಿಷನ್ ಸಾಮಾನು ಹಾಕಿ ಕಳಿಸಿದ್ದಾರೆ ಅನ್ನುವುದು ಅದರಲ್ಲಿ ಇರುತ್ತದೆ. ಆಮೇಲೆ ಟಾರ್ಚ್ ಹಿಡಿದು ಇನ್‌ಟೇಕ್ ಪೈಪಿನ ಸುತ್ತ ಬೆರಳಾಡಿಸಿದರು. ಪೈಪಿನ ಮೇಲೆ ಎಣ್ಣೆ, ಧೂಳು ಸೇರಿ ಕರೀ ಪದರ ಕೂತಿತ್ತು. ಬಟ್ಟೆಯಿಂದ ಉಜ್ಜಿದಾಗ ಬೆಳ್ಳಿ ಬಣ್ಣದ ಪುಟ್ಟ ಸ್ಟಿಕ್ಕರ್ ಕಾಣಿಸಿತು, ಅದರ ಮೇಲೆ ಡಿ ಅಕ್ಷರದಿಂದ ಶುರುವಾಗುವ ಒಂದು ನಂಬರ್. ಅದನ್ನು ಕಾರ್ಬ್ ಅನ್ನುವ ಸರ್ಕಾರಿ ಮಂಡಳಿಯ ವೆಬ್‌ಸೈಟಿನಲ್ಲಿ ಹಾಕಿ, ನನ್ನ ಮಾಡೆಲ್, ನನ್ನ ವರ್ಷ ಅದರಡಿ ಇದೆಯಾ ಅಂತ ನನಗೇ ತೋರಿಸಿದರು. ಇತ್ತು. "ಇದು ಇರಲಿ, ಮುಟ್ಟಬೇಡ" ಅಂದರು.

ಇಡೀ ವಿಷಯದ ಬೀಗದ ಕೈ ಆ ನಂಬರ್. ಕಾರ್ಬ್ ಅಂದರೆ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ, 1967ರಿಂದ ಇದೆ. ಹೊರಗಿನ ಕಂಪನಿ ಮಾಡಿದ ಭಾಗ ಹೊಗೆ ಜಾಸ್ತಿ ಮಾಡುವುದಿಲ್ಲ ಅಂತ ಪರೀಕ್ಷೆಯಲ್ಲಿ ತೋರಿಸಿದರೆ ಮಂಡಳಿ ಅದಕ್ಕೆ ಎಕ್ಸಿಕ್ಯುಟಿವ್ ಆರ್ಡರ್ ಕೊಡುತ್ತದೆ. ಎಲ್ಲರೂ ಇ.ಒ. ನಂಬರ್ ಅಂತಾರೆ. ಎಮಿಷನ್‌ಗೆ ಸಂಬಂಧಪಟ್ಟ ಭಾಗ ಬದಲಾಗಿದ್ದರೆ ಈ ನಂಬರ್ ಇರಲೇಬೇಕು, ಅದೂ ನಿಮ್ಮದೇ ಮಾಡೆಲ್‌ಗೆ. ಒಂದೇ ಕಂಪನಿಯ ಒಂದೇ ಥರದ ಇನ್‌ಟೇಕ್ ಒಂದು ಕಾರಿಗೆ ಸರಿ, ಪಕ್ಕದ ಕಾರಿಗೆ ತಪ್ಪು ಆಗಬಹುದು. ಡಬ್ಬದ ಮೇಲೆ "ರೇಸ್ ಯೂಸ್ ಓನ್ಲಿ" ಅಂತ ಇದ್ದರೆ ರಸ್ತೆಯ ಕಾರಿಗೆ ಅದು ಬೇಡ. "50 ಸ್ಟೇಟ್ ಲೀಗಲ್" ಅಂತ ಇದ್ದರೂ ನಂಬರ್ ಹಾಕಿ ನೋಡಿಯೇ ತಗೊಳ್ಳಿ.

ಆಮೇಲೆ ಕೆಳಗೆ ಮಲಗಿ ನೋಡಿದರು. ಬಿಆರ್‌ಜೆಡ್‌ನಲ್ಲಿ ಮೊದಲ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ಕೆಟ್ಟ ಅನಿಲಗಳನ್ನು ಬದಲಾಯಿಸುವ ಭಾಗ, ಚಿಕ್ಕದಾಗಿ ಕ್ಯಾಟ್) ಹೆಡರ್ ಒಳಗೇ ಇರುತ್ತದೆ. ನನ್ನ ಕಾರಿನ ಹೆಡರ್ ಬರೀ ಪೈಪು. ಹಿಂದಿನ ಮಾಲೀಕ ಹಾಕಿದ್ದ ಟ್ಯೂನ್, ಕ್ಯಾಟ್ ಇಲ್ಲ ಅನ್ನುವ ಕೋಡ್ ಬರದ ಹಾಗೆ ಬಾಯಿ ಮುಚ್ಚಿಸಿತ್ತು. ಅದಕ್ಕೇ ಆಸ್ಟಿನ್‌ನಲ್ಲಿ ದೀಪ ಉರಿದಿರಲಿಲ್ಲ. ಇಲ್ಲಿ ಕಣ್ಣಲ್ಲಿ ನೋಡುವುದು ಟೆಸ್ಟಿನ ಒಂದು ಭಾಗ. ಕ್ಯಾಟ್ ಇಲ್ಲ ಅಂದರೆ ಉಳಿದದ್ದೆಲ್ಲ ಸರಿಯಿದ್ದರೂ ಫೇಲ್.

ಜೊತೆಗೆ ಟ್ಯೂನ್. 2021ರ ಜುಲೈ 19ರಿಂದ ಇಲ್ಲಿನ ಸ್ಮಾಗ್ ಟೆಸ್ಟ್ ಇಸಿಯು ಒಳಗಿನ ಸಾಫ್ಟ್‌ವೇರನ್ನೂ ನೋಡುತ್ತದೆ. ಇಸಿಯು ತನ್ನ ಕ್ಯಾಲಿಬ್ರೇಷನ್ ನಂಬರ್ ಹೇಳುತ್ತದೆ, ಅದು ಕಾರು ಕಂಪನಿಯದ್ದಾಗಿರಬೇಕು ಅಥವಾ ಇ.ಒ. ಇರುವ ಟ್ಯೂನ್ ಆಗಿರಬೇಕು. ಇಲ್ಲ ಅಂದರೆ ಫೇಲ್.

ಹೀಗೆ ಒಂದೊಂದೇ ಬಿಡಿಸಿದರು. ಇನ್‌ಟೇಕ್ ಓಕೆ. ಕ್ಯಾಟ್ ದಾಟಿದ ಮೇಲಿನ ಎಕ್ಸಾಸ್ಟಿಗೆ ಇ.ಒ. ಬೇಕಾಗಿಲ್ಲ, ಓಕೆ. ಕಾಯಿಲೋವರ್, ಚಕ್ರ, ಬ್ರೇಕ್ ಇದ್ಯಾವುದೂ ಸ್ಮಾಗ್ ಟೆಸ್ಟಿನ ಸುದ್ದಿಗೇ ಬರುವುದಿಲ್ಲ. ಹೆಡರ್ ಬದಲಾಗಬೇಕು, ಟ್ಯೂನ್ ಹೋಗಬೇಕು. ಎರಡೇ ಕೆಲಸ. ಮೊದಲ ಅಂಗಡಿಯ "ಎಲ್ಲ" ಇಲ್ಲಿ ಎರಡಕ್ಕೆ ಇಳಿಯಿತು. ಇಷ್ಟೆಲ್ಲ ನೋಡಿದ್ದಕ್ಕೆ ತಗೊಂಡಿದ್ದು ಸಣ್ಣ ಮೊತ್ತ. ಅಧಿಕೃತ ಟೆಸ್ಟ್ ಶುರು ಮಾಡದೆ ಇದ್ದಿದ್ದರಿಂದ ಇನ್ನೊಂದು ಫೇಲ್ ರಿಪೋರ್ಟ್ ಕೂಡ ಬೀಳಲಿಲ್ಲ. ಇದನ್ನು ಪ್ರೀ ಟೆಸ್ಟ್ ಅಂತಾರೆ. ನೀವೇ ಬಾಯಿಬಿಟ್ಟು ಕೇಳಬೇಕು.

ಊರಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮಲ್ಲಿ ಎಮಿಷನ್ ಟೆಸ್ಟ್ ಅಂದರೆ ಪೆಟ್ರೋಲ್ ಬಂಕ್ ಪಕ್ಕದ ಗೂಡಂಗಡಿ, ಸೈಲೆನ್ಸರ್ ಒಳಗೆ ಒಂದು ಕಡ್ಡಿ, ನಂಬರ್ ಪ್ಲೇಟಿನ ಫೋಟೊ, ಕೈಗೊಂದು ಚೀಟಿ. ಇಲ್ಲಿ 2000 ಮತ್ತು ಅದರ ನಂತರದ ಪೆಟ್ರೋಲ್ ಕಾರುಗಳಿಗೆ ಸೈಲೆನ್ಸರ್ ಒಳಗೆ ಕಡ್ಡಿ ಹಾಕುವುದೇ ಇಲ್ಲ. ಕಾರಿನ ಕಂಪ್ಯೂಟರ್ ಹೇಳುವುದನ್ನು ಕೇಳುತ್ತಾರೆ, ಭಾಗಗಳು ಜಾಗದಲ್ಲಿವೆಯಾ ನೋಡುತ್ತಾರೆ, ಕಣ್ಣಿಗೆ ಕಾಣುವ ಹೊಗೆ ಇದೆಯಾ ನೋಡುತ್ತಾರೆ. "ನನ್ನ ಕಾರು ಹೊಗೆನೇ ಬಿಡಲ್ಲ" ಅಂತ ವಾದ ಮಾಡಿದರೆ ಪ್ರಯೋಜನ ಇಲ್ಲ. ಕಾಣದ ಹೊಗೆಯೇ ಇಲ್ಲಿ ದೊಡ್ಡ ವಿಷಯ. ಲಾಸ್ ಏಂಜಲೀಸ್‌ನಲ್ಲಿ 1943ರಲ್ಲಿ ಕಣ್ಣುರಿಯುವಷ್ಟು ಮಬ್ಬು ಕವಿದಾಗ ಶತ್ರುಗಳು ವಿಷಾನಿಲ ಬಿಟ್ಟರೇನೋ ಅಂತ ಜನ ಹೆದರಿದ್ದರು. ಸುಟ್ಟುಹೋಗದ ಇಂಧನದ ಆವಿ ಮತ್ತು ನೈಟ್ರೋಜನ್ ಆಕ್ಸೈಡ್ ಬಿಸಿಲಿಗೆ ಸೇರಿ ಆ ಮಬ್ಬು ಹುಟ್ಟುತ್ತದೆ ಅಂತ ಆಮೇಲೆ ಕ್ಯಾಲ್‌ಟೆಕ್‌ನ ಹಾಗನ್ ಸ್ಮಿಟ್ ತೋರಿಸಿಕೊಟ್ಟರು. ಕಾರ್ಬ್‌ನ ಮೊದಲ ಅಧ್ಯಕ್ಷರೂ ಅವರೇ. ಕ್ಯಾಟ್ ಒಳಗಿನ ಜೇನುಗೂಡಿನಂಥ ರಚನೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರುತ್ತದೆ. ಆ ಅನಿಲಗಳನ್ನು ಅದು ಅಲ್ಲೇ ಹಿಡಿದು ಬದಲಾಯಿಸುತ್ತದೆ. ಹಾಗಾಗಿ ಕ್ಯಾಟ್ ಇರಲೇಬೇಕು ಅನ್ನುವ ನಿಯಮದ ಬಗ್ಗೆ ನನಗೆ ತಕರಾರು ಇಲ್ಲ. ಕಾರು ಪ್ರೀತಿಸುವವರು ಕ್ಯಾಟ್ ತೆಗೆಯುವುದನ್ನು ದೊಡ್ಡಸ್ತಿಕೆ ಅಂದುಕೊಳ್ಳುವುದು ನಿಲ್ಲಬೇಕು ಅಂತಲೇ ನನ್ನ ಅಭಿಪ್ರಾಯ.

ಸರಿಪಡಿಸುವಾಗ ಗೊತ್ತಾದ ಒಂದು ವಿಷಯ: ಈ ರಾಜ್ಯದಲ್ಲಿ ಬಳಸಿದ ಕ್ಯಾಟನ್ನು ಮಾರುವಂತಿಲ್ಲ, ಹಾಕಿಸುವಂತಿಲ್ಲ. ಗುಜರಿಯಿಂದ ತಂದು ಹಾಕೋಣ ಅನ್ನುವ ನಮ್ಮ ಊರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದೋ ಕಂಪನಿಯ ಹೊಸದು, ಇಲ್ಲವೇ ಇ.ಒ. ಇರುವ ಹೊಸದು. ನಾನು ಕಂಪನಿಯದ್ದೇ ತರಿಸಿದೆ. ಸಾವಿರ ಡಾಲರಿಗೂ ಮೇಲೆ ಹೋಯಿತು, ಹೊಟ್ಟೆ ಉರಿಯಿತು. ಟ್ಯೂನ್ ತೆಗೆಯಲು ಹಿಂದಿನ ಮಾಲೀಕನ ಉಪಕರಣ ನನ್ನ ಹತ್ತಿರ ಇರಲಿಲ್ಲ, ಡೀಲರ್ ಹತ್ತಿರ ಇಸಿಯುಗೆ ಸ್ಟಾಕ್ ಸಾಫ್ಟ್‌ವೇರ್ ಹಾಕಿಸಿದೆ.

ಇಲ್ಲಿ ಅಂಗಡಿಯವರ ಇನ್ನೊಂದು ಸಲಹೆ ಚಿನ್ನದಂಥದ್ದು. "ಸಾಫ್ಟ್‌ವೇರ್ ಹಾಕಿಸಿದ ದಿನವೇ ಬರಬೇಡ" ಅಂದಿದ್ದರು. ಹೊಸದಾಗಿ ಹಾಕಿದಾಗ ಕಾರಿನ ಮಾನಿಟರುಗಳು, ಅಂದರೆ ಎಮಿಷನ್ ಭಾಗಗಳ ಮೇಲೆ ಕಾರು ಮಾಡಿಕೊಂಡ ಪರೀಕ್ಷೆಗಳ ಫಲಿತಾಂಶಗಳು, ಎಲ್ಲ ಅಳಿಸಿಹೋಗುತ್ತವೆ. ಕ್ಯಾಟ್, ಆಕ್ಸಿಜನ್ ಸೆನ್ಸರ್ ಇವುಗಳನ್ನು ಕಾರು ಓಡುತ್ತಾ ತಾನೇ ಪರೀಕ್ಷಿಸಿಕೊಂಡು "ರೆಡಿ" ಅನ್ನಬೇಕು. 2000 ಮತ್ತು ಆಮೇಲಿನ ಪೆಟ್ರೋಲ್ ಕಾರುಗಳಿಗೆ ಇವ್ಯಾಪ್ ಒಂದನ್ನು ಬಿಟ್ಟು ಎಲ್ಲವೂ ರೆಡಿ ಇರಬೇಕು. ಇವ್ಯಾಪ್ ಅಂದರೆ ಟ್ಯಾಂಕಿನ ಪೆಟ್ರೋಲ್ ಆವಿ ಹಿಡಿಯುವ ವ್ಯವಸ್ಥೆ. ಬ್ಯಾಟರಿ ವೈರ್ ಬಿಚ್ಚಿದರೂ ಇದೇ ಕಥೆ. ಕೋಡ್ ಅಳಿಸಿ ಓಡಿ ಬಂದು ಟೆಸ್ಟ್ ಮುಗಿಸಿಬಿಡೋಣ ಅಂದುಕೊಂಡವರು ಸಿಕ್ಕಿಬೀಳುವುದು ಇಲ್ಲೇ.

ನಾನು ಮಾಡಿದ್ದು ಇಷ್ಟು. ರಾತ್ರಿಯಿಡೀ ತಣ್ಣಗಾದ ಕಾರನ್ನು ಬೆಳಿಗ್ಗೆ ಶುರು ಮಾಡಿ ಸ್ವಲ್ಪ ಹೊತ್ತು ನಿಂತಲ್ಲೇ ಬಿಡುವುದು. ಆಮೇಲೆ 680 ಹೆದ್ದಾರಿಯಲ್ಲಿ ಸುನೋಲ್ ಕಡೆ ಒಂದೇ ವೇಗದಲ್ಲಿ ಹೋಗುವುದು, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಉರುಳಲು ಬಿಡುವುದು, ನೈಲ್ಸ್ ಕ್ಯಾನಿಯನ್ ರಸ್ತೆಯಲ್ಲಿ ನಿಧಾನಕ್ಕೆ ವಾಪಸ್. ಟ್ಯಾಂಕು ಪೂರ್ತಿ ತುಂಬಿಸಲಿಲ್ಲ, ಖಾಲಿಯಾಗಲೂ ಬಿಡಲಿಲ್ಲ. ಜೊತೆಗೊಂದು ಬ್ಲೂಟೂತ್ ಸ್ಕ್ಯಾನರ್ ಇಟ್ಟುಕೊಂಡಿದ್ದೆ. ಅದರಲ್ಲಿ ಒಂದೊಂದೇ ಮಾನಿಟರ್ ರೆಡಿ ಆಗುತ್ತಾ ಬಂತು. ಕ್ಯಾಟ್ ಎಲ್ಲಕ್ಕಿಂತ ಕೊನೆಗೆ.

ಟೆಸ್ಟ್ ದಿನ ಜಾಸ್ತಿ ಹೇಳುವಂಥದ್ದೇನೂ ಆಗಲಿಲ್ಲ. ಕೀ ಆನ್ ಮಾಡಿ ಚೆಕ್ ಇಂಜಿನ್ ಬಲ್ಬ್ ಉರಿಯುತ್ತದಾ ನೋಡಿದರು, ಪೋರ್ಟಿಗೆ ವೈರ್ ಹಾಕಿದರು, ಕನ್ನಡಿ ಹಿಡಿದು ಹೊಸ ಹೆಡರ್ ನೋಡಿದರು. ಪಾಸ್. ಸರ್ಟಿಫಿಕೇಟ್ ಕಂಪ್ಯೂಟರಿನಲ್ಲೇ ಡಿಎಂವಿಗೆ ಹೋಯಿತು. ರಿಪೋರ್ಟಿನ ಪ್ರತಿ ಸಾಲಿಗೂ ಬೆರಳಿಟ್ಟು ಏನು ಅಂತ ಹೇಳಿಯೇ ಕಾಗದ ಕೊಟ್ಟರು.

ತೊಂದರೆಗಳೂ ಇವೆ. ಕೂರಲು ಜಾಗ ಇಲ್ಲ, ಬಿಸಿಲಲ್ಲಿ ನಿಲ್ಲಬೇಕು. ಒಬ್ಬರೇ ಆದ್ದರಿಂದ ಫೋನ್ ಎತ್ತುವುದು ಅಪರೂಪ, ಮೆಸೇಜ್ ಹಾಕಿದರೆ ಸಂಜೆ ಉತ್ತರ ಬರುತ್ತದೆ. ಬೆಲೆ ಸುತ್ತಲಿನ ಕೂಪನ್ ಅಂಗಡಿಗಳಿಗಿಂತ ಜಾಸ್ತಿ. ಎಲ್ಲೇ ಹೋದರೂ ಬೋರ್ಡಿನ ಬೆಲೆಯ ಜೊತೆ ಸರ್ಟಿಫಿಕೇಟಿನ 8.25 ಡಾಲರ್ ಸೇರಿದೆಯಾ ಅಂತ ಮೊದಲೇ ಕೇಳಿ. ಅದು ಸರ್ಕಾರಕ್ಕೆ ಹೋಗುವ ದುಡ್ಡು, ಪಾಸ್ ಆದರೆ ಮಾತ್ರ ಕಟ್ಟಬೇಕು. ಇನ್ನೊಂದು, ಇದು ಟೆಸ್ಟ್ ಮಾತ್ರ ಮಾಡುವ ಅಂಗಡಿ, ರಿಪೇರಿ ಇಲ್ಲ. ನನಗೆ ಅದೇ ಇಷ್ಟ. ಫೇಲ್ ಮಾಡಿ ರಿಪೇರಿ ಕೆಲಸ ಹಿಡಿಯುವ ಆಸೆ ಅವರಿಗೆ ಇರುವುದಿಲ್ಲ.

ಇಂಜಿನ್ನೇ ಬದಲಾಯಿಸಿದವರು ಇಲ್ಲಿಗೆ ಹೋಗಿ ಪ್ರಯೋಜನ ಇಲ್ಲ, ಅವರೇ ವಾಪಸ್ ಕಳಿಸುತ್ತಾರೆ. ಅಂಥ ಕಾರುಗಳು ಸ್ಮಾಗ್ ರೆಫರಿ ಹತ್ತಿರ ಹೋಗಬೇಕು. ರಾಜ್ಯದ ಬ್ಯೂರೋ ಆಫ್ ಆಟೊಮೋಟಿವ್ ರಿಪೇರ್ ನಡೆಸುವ ಈ ಸೇವೆಯ ಕೇಂದ್ರಗಳು ಎಷ್ಟೋ ಕಮ್ಯುನಿಟಿ ಕಾಲೇಜುಗಳಲ್ಲಿ ಇವೆ. ಹಾಕಿದ ಇಂಜಿನ್ ಕಾರಿನದ್ದೇ ವರ್ಷದ್ದು ಅಥವಾ ಅದಕ್ಕಿಂತ ಹೊಸದಾಗಿರಬೇಕು, ಅದರ ಎಮಿಷನ್ ಸಾಮಾನೆಲ್ಲ ಜೊತೆಗೆ ಬಂದಿರಬೇಕು. ಸರಿ ಇದ್ದರೆ ಬಾಗಿಲಿನ ಕಂಬಕ್ಕೆ ಲೇಬಲ್ ಅಂಟಿಸಿ ಕೊಡುತ್ತಾರೆ, ಆಮೇಲೆ ಮಾಮೂಲಿ ಅಂಗಡಿಯಲ್ಲೇ ಟೆಸ್ಟ್ ಮಾಡಿಸಬಹುದು. ಅಂಗಡಿಯವರ ತೀರ್ಮಾನ ತಪ್ಪು ಅನ್ನಿಸಿದರೂ ದೂರು ಒಯ್ಯಬೇಕಾದದ್ದು ಅಲ್ಲಿಗೇ.

ಹೊರ ರಾಜ್ಯದಿಂದ ಕಾರು ತರುವ ನಮ್ಮವರು ಹೊರಡುವ ಮೊದಲೇ ಬಾನೆಟ್ ಎತ್ತಿ ಇ.ಒ. ಸ್ಟಿಕ್ಕರುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಅಂಗಡಿಗೆ ಹೋಗುವಾಗ ಕಾರನ್ನು ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿಕೊಂಡು ಹೋಗಿ. ತಿಂಗಳ ಕೊನೆಯ ವಾರ ಮತ್ತು ಶನಿವಾರ ಬೇಡ, ಆಗ ಯಾರಿಗೂ ನಿಮ್ಮ ಕಾರು ನೋಡಿ ಬಿಡಿಸಿ ಹೇಳುವಷ್ಟು ಪುರುಸೊತ್ತು ಇರುವುದಿಲ್ಲ.