ತುಮಕೂರು ರೈಲಿನಲ್ಲಿ ಮಾಂತ್ರಿಕರ ಕಾದಂಬರಿ: ಪುಸ್ತಕವೋ, ಇ-ರೀಡರೋ, ಆಡಿಯೋವೋ?

ಮಹಾನಗರದ ಗಲ್ಲಿಗಳಲ್ಲಿ ಮಾಂತ್ರಿಕರು ಬಡಿದಾಡುವ ಇಂಗ್ಲಿಷ್ ಕಾದಂಬರಿಯನ್ನು ಅರ್ಧಕ್ಕೇ ಬಿಡುವಂತಾದರೆ ಅದು ಭಾಷೆಯ ತೊಡಕಲ್ಲ. ಕಥೆ ಓಡುತ್ತಲೇ ಹೆಸರುಗಳನ್ನು ಎರಚಿಕೊಂಡು ಹೋಗುತ್ತದೆ. ಯಾರು ಯಾವ ಬಣ, ಯಾವ ಮಂತ್ರಕ್ಕೆ ಏನು ತೆರಬೇಕು, ಯಾರ ನಿಜನಾಮ ಯಾರ ಬಾಯಲ್ಲಿದೆ ಎಂಬುದೆಲ್ಲ ಮೊದಲ 50 ಪುಟಗಳಲ್ಲೇ ಬಂದುಬಿಡುತ್ತದೆ. ಅಲ್ಲಿ ಕಣ್ಣು ತಪ್ಪಿದ ಒಂದು ಸಾಲು ಕೊನೆಯ ಕಾಳಗದ ಹೊತ್ತಿಗೆ ಬೇಕಾಗುತ್ತದೆ. ಹಾಗಾಗಿ ಹಿಂದಕ್ಕೆ ಹೋಗಿ ನೋಡುವುದು ಎಷ್ಟು ಸಲೀಸು ಎಂಬುದೇ ಇಲ್ಲಿ ಅಳತೆಗೋಲು.

ಮೊದಲು ಲೆಕ್ಕ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ತುಮಕೂರಿನ ಮುಂದಿನ ನಿಲ್ದಾಣ ಕ್ಯಾತ್ಸಂದ್ರ ದಾಟಿದ ಮೇಲೆ ತೆರೆದರೂ 70 ನಿಮಿಷದ ಓದು ಸಿಗುತ್ತದೆ. 90 ಸಾವಿರ ಪದಗಳ ಕಾದಂಬರಿಗೆ, ನಿಮಿಷಕ್ಕೆ 180 ಪದದಂತೆ, 500 ನಿಮಿಷ ಬೇಕು. ಅಂದರೆ ಏಳು ಪ್ರಯಾಣ ಮತ್ತು ಚೂರು.

ಅಚ್ಚಿನ ಪುಸ್ತಕದ ಬಲವೆಲ್ಲ ಬೆರಳಲ್ಲಿದೆ. ‘ಆ ಮಾತು ಎಡಪುಟದ ಕೆಳಗಿತ್ತು’ ಎಂಬ ನೆನಪೊಂದಿದ್ದರೆ ಹತ್ತು ಸೆಕೆಂಡಲ್ಲಿ ಸಿಕ್ಕುತ್ತದೆ. ರಕ್ಷಾಪುಟದ ಒಳಬದಿಯಲ್ಲಿ ಪೆನ್ಸಿಲಿನಿಂದ ನಾಲ್ಕು ಕಂಬ ಎಳೆಯಿರಿ: ಹೆಸರು, ಬಣ, ಶಕ್ತಿ, ಋಣ. ನಾಲ್ಕನೆಯದನ್ನು ಬಿಡಬೇಡಿ, ಇಂಥ ಕಥೆಗಳಲ್ಲಿ ತಿರುವು ಹುಟ್ಟುವುದು ಹೆಚ್ಚಾಗಿ ಯಾರು ಯಾರಿಗೆ ಋಣಿ ಎಂಬಲ್ಲೇ. ತೊಂದರೆ ಬರುವುದು ಬೆಂಗಳೂರಿನ ಅಂಚಿನ ಚಿಕ್ಕಬಾಣಾವರದಿಂದಾಚೆ, ಎದ್ದು ನಿಂತಾಗ. ಒಂದು ಕೈ ಕಂಬಿಗೆ ಹೋದ ಮೇಲೆ 400 ಪುಟದ ಪೇಪರ್‌ಬ್ಯಾಕನ್ನು ಇನ್ನೊಂದೇ ಕೈಯಲ್ಲಿ ಅಗಲಿಸಿ ಹಿಡಿಯಲಾಗದು. ಬಲವಂತ ಮಾಡಿದರೆ ಬೆನ್ನಿನ ಗೋಂದು ಬಿರಿದು ಹಾಳೆ ಕಳಚುತ್ತದೆ.

ನಿಂತು ಓದಲು ಆರು ಇಂಚಿನ ಇ-ರೀಡರ್‌ಗೆ ಸಾಟಿಯಿಲ್ಲ. ಕಿಟಕಿಯ ಬಿಸಿಲು ಬಿದ್ದರೂ ಅಕ್ಷರ ಮಾಸದು. ಆದರೆ ಅದರ ಇ-ಇಂಕ್ (ಕಾಗದದಂತೆ ಕಾಣುವ) ಪರದೆ ನಿಧಾನ, ಹತ್ತು ಪುಟ ಹಿಂದಕ್ಕೆ ತಿರುವುವಷ್ಟರಲ್ಲಿ ತಾಳ್ಮೆ ಮುಗಿಯುತ್ತದೆ. ಅದಕ್ಕೆ ಹುಡುಕುವ ಸೌಲಭ್ಯ ಇದೆಯಲ್ಲ ಎನ್ನಬಹುದು. ಇದೆ, ಅಪಾಯವೂ ಅಲ್ಲೇ ಇದೆ: ಪಾತ್ರದ ಹೆಸರು ಹಾಕಿದರೆ ಇಡೀ ಪುಸ್ತಕದ ಸಾಲುಗಳು ಪಟ್ಟಿಯಾಗಿ ಬಂದು, ಅವನ ಸಾವೂ ಕಣ್ಣಿಗೆ ಬೀಳುತ್ತದೆ. ಪಟ್ಟಿಯ ಮೊದಲ ಎರಡು ಸಾಲು ನೋಡಿ ಮುಚ್ಚಿಬಿಡಿ. ಹೊಸ ಪಾತ್ರ ಬಂದ ಕಡೆ ಬುಕ್‌ಮಾರ್ಕ್ ಹಾಕುತ್ತ ಹೋದರೆ ಹುಡುಕಾಟವೇ ಬೇಡ. ಲೇಖಕರು ಕಟ್ಟಿದ ಮಂತ್ರಪದಗಳ ಮೇಲೆ ಬೆರಳೊತ್ತಿ ಫಲವಿಲ್ಲ, ನಿಘಂಟಿಗೆ ಅವು ಗೊತ್ತಿರುವುದಿಲ್ಲ.

ಮೊಬೈಲ್? ಏರ್‌ಪ್ಲೇನ್ ಮೋಡ್ ಹಾಕಿದರೆ ನಡೆಯುತ್ತದೆ. ಹಾಕುವವರು ಕಡಿಮೆ.

ಆಡಿಯೋದಲ್ಲಿ ಅದೇ ಕಾದಂಬರಿ ಸುಮಾರು 9 ಗಂಟೆ 40 ನಿಮಿಷ, 1.25ರ ವೇಗದಲ್ಲಿ 7 ಮುಕ್ಕಾಲು. ನಾಯಕನೇ ‘ನಾನು’ ಎಂದು ಹೇಳುವ, ಪತ್ತೇದಾರಿ ಛಾಯೆಯ ಕಥೆಗೆ ಒಳ್ಳೆಯ ಕಂಠ ಸಿಕ್ಕರೆ ಮಾತಿನ ಚಟಾಕಿಗಳು ಪುಟಕ್ಕಿಂತ ಚೆನ್ನಾಗಿ ಹತ್ತುತ್ತವೆ. ಕಾಳಗ ಬಂತೋ, ವೇಗವನ್ನು 1ಕ್ಕೆ ಇಳಿಸಿ; ಇಲ್ಲವಾದರೆ ಯಾರ ಮಂತ್ರ ಯಾರಿಗೆ ತಗುಲಿತೆಂದೇ ತಿಳಿಯದು. ಕೇಳಿದ ಹೆಸರಿನ ಕಾಗುಣಿತವೂ ಗೊತ್ತಾಗದು. ಸರಣಿಯ ಮೊದಲ ಪುಸ್ತಕಕ್ಕೆ ಆಡಿಯೋ ಬೇಡವೆಂದು ನಮ್ಮ ಅಭಿಪ್ರಾಯ.

ಎರಡನೆಯದಕ್ಕೆ ಧಾರಾಳವಾಗಿ ಬಳಸಿ. ಪೆನ್ಸಿಲಿನ ಆ ನಾಲ್ಕು ಕಂಬದ ಫೋಟೋ ಒಂದು ಫೋನಿನಲ್ಲಿರಲಿ.