ಪ್ಲಾಸ್ಟಿಕ್‌ನಲ್ಲಿ ಉಳಿದ ತಾಮ್ರ ತೆಗೆಯಲು ಯಾವ ದಾರಿ ಒಳ್ಳೆಯದು?

ಎಟಿಆರ್‌ಪಿ ವಿಧಾನದಲ್ಲಿ (ತಾಮ್ರದ ನೆರವಿನಿಂದ ಸಣ್ಣ ಅಣುಗಳನ್ನು ಹಿಡಿತದಲ್ಲಿಟ್ಟು ಉದ್ದ ಸರಪಳಿಯಾಗಿ ಬೆಳೆಸುವ ವಿಧಾನ) ಅಕ್ರಿಲಿಕ್ ಪ್ಲಾಸ್ಟಿಕ್ ತಯಾರಿಸಿದವರಿಗೆ ಇದು ಗೊತ್ತಿರುತ್ತದೆ. ಕೊನೆಗೆ ಫ್ಲಾಸ್ಕ್‌ನ ಮುಚ್ಚಳ ತೆಗೆದು ಗಾಳಿ ತಾಗಿಸಿದರೆ ಒಳಗಿನ ದ್ರವ ನಿಧಾನಕ್ಕೆ ಹಸಿರಾಗುತ್ತದೆ. ಅದು ತಾಮ್ರದ ಕೆಟಲಿಸ್ಟ್, ಅಂದರೆ ಕ್ರಿಯೆ ನಡೆಸಿಕೊಡುವ ವಸ್ತು. ಹಾಗೇ ಬಿಟ್ಟರೆ ಪ್ಲಾಸ್ಟಿಕ್‌ಗೆ ಬಣ್ಣ ಕಟ್ಟುತ್ತದೆ, ಬಿಸಿಗೆ ಬೇಗ ಹಾಳಾಗುವ ಭಯವೂ ಇದೆ. ಅದಕ್ಕೇ ಒಂದು ಬ್ಯಾಚನ್ನು ಟಿಎಚ್‌ಎಫ್ ಎಂಬ ದ್ರಾವಕದಲ್ಲಿ ಕರಗಿಸಿ, ಮೂರು ಪಾಲು ಮಾಡಿ, ಮೂರು ರೀತಿ ತೊಳೆದು ನೋಡಿದೆ.

ಮೊದಲನೆಯ ಪಾಲನ್ನು ಮೆಥನಾಲ್‌ಗೆ ಸುರಿದೆ. ಪಾಲಿಮರ್, ಅಂದರೆ ಪ್ಲಾಸ್ಟಿಕ್‌ನ ಸರಪಳಿ ಅಣುಗಳು, ಗಟ್ಟಿಯಾಗಿ ಕೆಳಗೆ ಕೂರುತ್ತದೆ, ಹಸಿರು ಮೇಲೆ ಉಳಿಯುತ್ತದೆ. ಸುಲಭ, ಆದರೆ ಉಂಡೆ ಒಡೆದು ನೋಡಿದರೆ ಒಳಗೆ ತೆಳು ಹಸಿರು. ಮತ್ತೆ ಕರಗಿಸಿ ಮತ್ತೆ ಸುರಿಯಬೇಕು. ಮೆಥನಾಲ್ ಜಾಸ್ತಿ ಖರ್ಚು.

ಎರಡನೆಯ ಪಾಲನ್ನು ಅಲ್ಯೂಮಿನಾ ಪುಡಿ ತುಂಬಿದ ಕೊಳವೆಯಲ್ಲಿ, ಅಂದರೆ ಕಾಲಮ್‌ನಲ್ಲಿ, ಇಳಿಸಿದೆ. ನೋಡಲು ಖುಷಿ. ಹಸಿರು ಪಟ್ಟಿ ಮೇಲೇ ನಿಲ್ಲುತ್ತದೆ, ಕೆಳಗೆ ನೀರಿನಂಥ ಹನಿಗಳು. ಆದರೆ ಗಟ್ಟಿ ದ್ರಾವಣ ಇಳಿಯುವುದೇ ಇಲ್ಲ, ತೆಳು ಮಾಡಬೇಕು. ಕೊನೆಗೆ ತೂಕ ಹಾಕಿದಾಗ ಪಾಲಿಮರ್ ಕಡಿಮೆ ಬಂತು. ಒಂದಿಷ್ಟು ಕಾಲಮ್‌ಗೇ ಅಂಟಿಕೊಂಡಿತ್ತು. ಪ್ರಯೋಗಾಲಯದ ಸಣ್ಣ ಸ್ಯಾಂಪಲ್‌ಗೆ ಸರಿ, ಕಾರ್ಖಾನೆಗೆ ಕಷ್ಟ.

ನನಗೆ ಹಿಡಿಸಿದ್ದು ಮೂರನೆಯ ಪಾಲಿಗೆ ಬಳಸಿದ ಆಮ್ಲ ರೂಪದ ಅಯಾನು ವಿನಿಮಯ ರೆಸಿನ್, ಅಂದರೆ ತನ್ನ ಹೈಡ್ರೋಜನ್ ಅಯಾನು ಕೊಟ್ಟು ತಾಮ್ರದ ಅಯಾನು ಹಿಡಿದುಕೊಳ್ಳುವ ವಸ್ತು. ಸಾಸಿವೆಯಂಥ ಕಾಳುಗಳು. ದ್ರಾವಣಕ್ಕೆ ಹಾಕಿ ಕಲಕುತ್ತಿದ್ದರೆ ಕಾಳು ಹಸಿರಾಗುತ್ತದೆ, ದ್ರವ ತಿಳಿಯಾಗುತ್ತದೆ. ಬರೀ ಟಿಎಚ್‌ಎಫ್‌ನಲ್ಲಿ ಬಹಳ ನಿಧಾನ. ಸ್ವಲ್ಪ ಮೆಥನಾಲ್ ಸೇರಿಸಿದ ಮೇಲೆ ಕಾಳು ಉಬ್ಬಿ ಕೆಲಸ ಚುರುಕಾಯಿತು. ಸೋಸಿದರೆ ಮುಗಿಯಿತು, ರೆಸಿನ್ ಅನ್ನು ಆಮ್ಲದಲ್ಲಿ ತೊಳೆದು ಮತ್ತೆ ಬಳಸಬಹುದು. ಪಾಲಿಮರ್‌ನಲ್ಲಿ ಅಮೀನ್ ಗುಂಪು (ಆಮ್ಲಕ್ಕೆ ಅಂಟುವ ಸಾರಜನಕದ ಭಾಗ) ಇದ್ದರೆ ಮಾತ್ರ ಇದು ಬೇಡ, ಪಾಲಿಮರ್ರೇ ಕಾಳಿಗೆ ಅಂಟುತ್ತದೆ. ಆಮ್ಲಕ್ಕೆ ಒಡೆಯುವ ಎಸ್ಟರ್ ಬಂಧ ಇದ್ದರೂ ಹುಷಾರು.

ಒಂದು ಮಾತು: ಬಣ್ಣ ಹೋಯಿತೆಂದರೆ ತಾಮ್ರ ಹೋಯಿತು ಅಂತಲ್ಲ. ಕಣ್ಣಿಗೆ ಕಾಣದಷ್ಟು ಉಳಿದಿರಬಹುದು, ಐಸಿಪಿ ಎಂಬ ಲೋಹ ಅಳೆಯುವ ಪರೀಕ್ಷೆ ಮಾಡಿಸಲೇಬೇಕು.

ಇದೆಲ್ಲಕ್ಕಿಂತ ಮೊದಲೇ ಲೋಹ ಕಡಿಮೆ ಹಾಕುವುದು ಜಾಣತನ ಅಲ್ವಾ? ಪಾಲಿಪ್ರೊಪಿಲೀನ್‌ನಲ್ಲಿ ಆದದ್ದೂ ಅದೇ. ಹಳೆಯ ಟೈಟಾನಿಯಂ ಕೆಟಲಿಸ್ಟ್‌ಗಳ ಕಾಲದಲ್ಲಿ ಆಲ್ಕೋಹಾಲ್‌ನಲ್ಲಿ ತೊಳೆಯಲೇಬೇಕಿತ್ತು. ಮೆಗ್ನೀಸಿಯಂ ಕ್ಲೋರೈಡ್ ಮೇಲೆ ಕೂರಿಸಿದ ಕೆಟಲಿಸ್ಟ್ ಬಂದ ಮೇಲೆ ಉಳಿಯುವ ಲೋಹ ಅತ್ಯಲ್ಪ; ಅದನ್ನು ಒಳಗೇ ಬಿಟ್ಟು, ಕ್ಲೋರೈಡ್‌ನಿಂದ ಹುಟ್ಟುವ ಆಮ್ಲವನ್ನು ಕ್ಯಾಲ್ಸಿಯಂ ಸ್ಟಿಯರೇಟ್‌ನಿಂದ ತಣಿಸುತ್ತಾರೆ. ನಾನೂ ಮುಂದಿನ ಬ್ಯಾಚ್‌ಗೆ ನಿಂತ ತಾಮ್ರವನ್ನು ಮತ್ತೆ ಕೆಲಸಕ್ಕೆ ಹಚ್ಚುವ ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿ) ಸೇರಿಸಿ ತಾಮ್ರ ಬಹಳ ಇಳಿಸಿದೆ. ಅವತ್ತು ಒಂದು ಚಮಚ ರೆಸಿನ್ ಸಾಕಾಯಿತು.