ಕಾರ್ಡಿಗಿಂತ ದೊಡ್ಡದು ರೆಫರಲ್ ಚೀಟಿ: ಆರೋಗ್ಯ ಕರ್ನಾಟಕದ ಜೊತೆ ನಮ್ಮ ಇಷ್ಟು ವರ್ಷ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ನಮ್ಮ ಮನೆಗೆ ಬಂದದ್ದು 2019ರಲ್ಲಿ. ಮೂರು ವರ್ಷ ಅದು ಗ್ಯಾಸ್ ಪುಸ್ತಕದ ಜೊತೆ ಟ್ರಂಕಿನಲ್ಲೇ ಇತ್ತು. 2022ರ ಬೇಸಿಗೆಯಲ್ಲಿ ನಮ್ಮವ್ವನಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಅಡ್ಡಾದರೆ ಕೆಮ್ಮು ಶುರುವಾಯಿತು. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದೆವು. ಸಣ್ಣಂದಿನಲ್ಲಿ ಬಂದಿದ್ದ ಕೀಲುಜ್ವರದಿಂದ ಹೃದಯದ ಕವಾಟ ಕೆಟ್ಟಿದೆ, ಬದಲಿಸಬೇಕು, 2.5 ಲಕ್ಷದ ಮೇಲಾಗುತ್ತದೆ ಎಂದರು. ನಾನು ಟೇಲರ್. ಅಷ್ಟು ದುಡ್ಡನ್ನು ಒಟ್ಟಿಗೆ ಕಂಡವನಲ್ಲ. ಕಾರ್ಡು ಇದೆಯಲ್ಲ ಎಂಬ ಧೈರ್ಯದಲ್ಲಿ ತೆಗೆದು ಕೌಂಟರಿನ ಮೇಲಿಟ್ಟೆ.

"ಕಾರ್ಡ್ ಐತ್ರಿ ಅಣ್ಣಾರ, ರೆಫರಲ್ ಎಲ್ಲೈತಿ?" ಎಂದಳು ಅಲ್ಲಿದ್ದ ಹುಡುಗಿ.

ಈ ಯೋಜನೆ ಬಗ್ಗೆ ಬರೆಯಲು ಕೂತಿರುವುದೇ ಆ ಒಂದು ಮಾತಿಗೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಎಂಬುದು ಎಲ್ಲರಿಗೂ ಗೊತ್ತು, ಬಸ್ ಸ್ಟ್ಯಾಂಡಿನ ಬೋರ್ಡಿನ ಮೇಲೂ ಬರೆದಿರುತ್ತದೆ. ಆದರೆ ಆ 5 ಲಕ್ಷದ ಬಾಗಿಲು ಸರ್ಕಾರಿ ಆಸ್ಪತ್ರೆಯಲ್ಲಿದೆ, ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ ಇಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆ ಚಿಕಿತ್ಸೆ ಅಲ್ಲಿ ಸಿಗುವುದಿದ್ದರೆ ಅಲ್ಲೇ. ಸಿಗದಿದ್ದರೆ ಅಲ್ಲಿನ ವೈದ್ಯರು ರೆಫರಲ್ ಬರೆಯುತ್ತಾರೆ. ಆ ಚೀಟಿ ಹಿಡಿದುಕೊಂಡು ಯೋಜನೆಯಲ್ಲಿ ನೋಂದಾಯಿತವಾದ ಆಸ್ಪತ್ರೆಗೆ ಹೋದರೆ ಮಾತ್ರ ಕಾರ್ಡಿಗೆ ಬೆಲೆ.

ಅವ್ವನನ್ನು ವಾಪಸ್ ಊರಿಗೆ ಕರೆತಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿದ್ದೆ, ಗಾಳಿ ಬಂದರೂ ಉಸಿರಿಗೆ ತಡಕಾಡುತ್ತಿದ್ದಳು. ಅವತ್ತು ಈ ವಿಮರ್ಶೆ ಬರೆದಿದ್ದರೆ ಒಂದು ನಕ್ಷತ್ರವನ್ನೂ ಕೊಡುತ್ತಿರಲಿಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ದಿನ ವೈದ್ಯರು ರಜೆ. ಎರಡನೇ ದಿನ ಸಿಕ್ಕರು, ಜಿಲ್ಲಾ ಆಸ್ಪತ್ರೆಗೆ ಹೋಗಿ ಎಂದರು. ಜಿಲ್ಲಾ ಆಸ್ಪತ್ರೆಯಲ್ಲಿ ಹೆಸರಿನ ತೊಡಕು ಬಂತು. ಆಧಾರಿನಲ್ಲಿ ಅವ್ವನ ಹೆಸರು "ಅಮ್ಮ" ಎಂದು ಮುಗಿಯುತ್ತದೆ, ರೇಷನ್ ಕಾರ್ಡಿನಲ್ಲಿ "ಅವ್ವ" ಎಂದು. ನಮ್ಮ ಕಡೆ ಎರಡೂ ಒಂದೇ, ಕರೆಯುವವರ ಬಾಯಲ್ಲಿ ಹೇಗೆ ಬಂದರೆ ಹಾಗೆ. ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಬೇರೆ ಹೆಂಗಸರು. ಅದನ್ನು ಸರಿಮಾಡಿಸಲು ನಾಲ್ಕು ದಿನ ಹಿಡಿಯಿತು. ನಾಲ್ಕು ದಿನ ಅಂಗಡಿ ಮುಚ್ಚಿತ್ತು. ಮದುವೆ ಸೀಸನ್ನು, ಹೊಲಿಯಲು ಕೊಟ್ಟಿದ್ದ ಬ್ಲೌಸುಗಳನ್ನು ಜನ ವಾಪಸ್ ಒಯ್ದರು. ಉಚಿತ ಚಿಕಿತ್ಸೆ ಎನ್ನುವಾಗ ಈ ಲೆಕ್ಕವನ್ನು ಯಾರೂ ಹಿಡಿಯುವುದಿಲ್ಲ. ದಿನಗೂಲಿಯವರಿಗೆ ಓಡಾಟವೇ ಒಂದು ಬಿಲ್ಲು.

ಇಷ್ಟು ಸಿಟ್ಟಿನಲ್ಲಿ ಇರುವಾಗಲೇ ಒಂದು ಸಂಗತಿ ನಡೆಯಿತು. ಜಿಲ್ಲಾ ಆಸ್ಪತ್ರೆಯ ವೈದ್ಯರು ರೆಫರಲ್ ಬರೆಯುವ ಮೊದಲು ಅವ್ವನ ಕಾಲನ್ನು ಒತ್ತಿ ನೋಡಿದರು. ಬೆರಳಿನ ಗುಂಡಿ ಹಾಗೇ ಉಳಿಯಿತು. "ಇಷ್ಟು ನೀರು ತುಂಬಿರುವಾಗ ಆಪರೇಷನ್ ಯಾರೂ ಮಾಡಲ್ಲ, ಮೊದಲು ಇದು ಇಳಿಯಲಿ" ಎಂದು ನೀರಿಳಿಸುವ ಮಾತ್ರೆ ಬರೆದುಕೊಟ್ಟರು. ಅಲ್ಲಿನ ಔಷಧಿ ಕೌಂಟರಿನಲ್ಲೇ ಪುಕ್ಕಟೆ ಸಿಕ್ಕಿತು. ಮೂರನೇ ರಾತ್ರಿ ಅವ್ವ ಒಂದೇ ದಿಂಬು ಹಾಕಿಕೊಂಡು ಮಲಗಿದಳು. ಅದಕ್ಕೂ ಮೊದಲು ಎರಡು ತಿಂಗಳು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ನಾನು ಎದ್ದು ಎರಡು ಸಲ ಮೂಗಿನ ಹತ್ತಿರ ಕೈ ಇಟ್ಟು ನೋಡಿದೆ.

ರೆಫರಲ್ ಬಂದ ಮೇಲೆ ಎಲ್ಲ ನೀರು ಹರಿದ ಹಾಗೆ ಸಾಗಿತು. ಯೋಜನೆಯ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ದಾರಿ ತೋರಿಸಲು ಆರೋಗ್ಯ ಮಿತ್ರ ಎಂದು ಒಬ್ಬರಿರುತ್ತಾರೆ. ನಮಗೆ ಸಿಕ್ಕಾಕೆ ಚೀಟಿ ನೋಡಿ "ನಿಮ್ಮದು ತ್ರೀ-ಎ ರೀ" ಎಂದಳು. ಆಗಲೇ ತಿಳಿದದ್ದು, ಚಿಕಿತ್ಸೆಗಳನ್ನು ಗುಂಪು ಮಾಡಿದ್ದಾರೆ ಎಂದು. ಯೋಜನೆ ಶುರುವಾದಾಗಿನ ಪಟ್ಟಿಯಲ್ಲಿ ಒಟ್ಟು 1,650 ಚಿಕಿತ್ಸೆಗಳು. 2ಎ ಎಂದರೆ ಸಾಮಾನ್ಯವಾದವು, ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. 2ಬಿ ಸ್ವಲ್ಪ ಕಠಿಣ, 3ಎ ದೊಡ್ಡ ಆಪರೇಷನ್ನುಗಳು. ಇವೆರಡಕ್ಕೆ ಖಾಸಗಿಗೆ ಹೋಗಬೇಕಾದರೆ ರೆಫರಲ್ ಬೇಕು. 4ಎ ಎಂದರೆ ತುರ್ತು, ಆ ಪಟ್ಟಿಯಲ್ಲಿ 169 ಚಿಕಿತ್ಸೆಗಳು, ರೆಫರಲ್ ಬೇಡವೇ ಬೇಡ. ಮೊದಲ ದಿನವೇ ಯಾರಾದರೂ ಈ ನಾಲ್ಕು ಸಾಲು ಹೇಳಿದ್ದರೆ ನನ್ನ ಸಿಟ್ಟಿನಲ್ಲಿ ಮುಕ್ಕಾಲು ಪಾಲು ಬರುತ್ತಲೇ ಇರಲಿಲ್ಲ.

ಆಸ್ಪತ್ರೆಯವರು ಅವ್ವನ ಕಾಗದಗಳನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ಆನ್‌ಲೈನಿನಲ್ಲಿ ಕಳಿಸಿದರು. ಯೋಜನೆ ನಡೆಸುವುದು ಅವರೇ. ಮಂಜೂರಾತಿ ಬಂದ ಮೇಲೆ ಆಪರೇಷನ್. ಕವಾಟ, ಐಸಿಯು, ಔಷಧಿ, ಊಟ ಯಾವುದಕ್ಕೂ ಪೈಸೆ ಕೇಳಲಿಲ್ಲ. ಡಿಸ್ಚಾರ್ಜ್ ದಿನ ಬಿಲ್ಲಿನ ಕೊನೆ ಸಾಲಿನಲ್ಲಿ ಸೊನ್ನೆ ನೋಡಿ ಅವ್ವ, "ಖರೇನ ಏನೂ ಕೊಡಬ್ಯಾಡೇನು?" ಎಂದು ನರ್ಸಮ್ಮನನ್ನು ಮೂರು ಸಲ ಕೇಳಿದಳು.

ತುರ್ತಿನ ಮಾತು ಮರುವರ್ಷವೇ ಕೆಲಸಕ್ಕೆ ಬಂತು. ನಮ್ಮ ಕಾಕಾನಿಗೆ ನಡುರಾತ್ರಿ ಎದೆನೋವು. ಚೀಟಿ ಗೀಟಿ ಎಂದು ಕಾಯದೆ 108 ಕರೆಸಿ ನೇರ ಹೃದಯದ ಆಸ್ಪತ್ರೆಗೆ ಒಯ್ದೆವು. ರೇಷನ್ ಕಾರ್ಡಿನ ಕಾಗದ ಬೆಳಗಾದ ಮೇಲೆ ತಲುಪಿಸಿದೆವು. ಅಷ್ಟರಲ್ಲಿ ಸ್ಟೆಂಟ್ ಹಾಕಿ ಆಗಿತ್ತು.

ಎಪಿಎಲ್ ಕಾರ್ಡಿನವರು ಇದನ್ನೇ ನಂಬಿಕೊಂಡು ಕೂರಬೇಡಿ. ಅವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ. 30 ಮಾತ್ರ, ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದವರೆಗೆ. ಉಳಿದದ್ದು ಕೈಯಿಂದ. ನಮ್ಮ ಓಣಿಯ ಮೇಷ್ಟ್ರು ಇದು ಗೊತ್ತಿಲ್ಲದೆ ಆಪರೇಷನ್ ಹಿಂದಿನ ದಿನ ಸಾಲಕ್ಕೆ ಓಡಾಡಿದರು.

ಈಗ ನಿಜವಾದ ಕೊರತೆ. ಅವ್ವನಂತೆ ಯಾಂತ್ರಿಕ (ಮೆಕ್ಯಾನಿಕಲ್) ಕವಾಟ ಹಾಕಿಸಿಕೊಂಡವರು ಜೀವಮಾನವಿಡೀ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗಬೇಕು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆ ಮಾಡಿಸುತ್ತಿರಬೇಕು. ದಾಖಲಾಗಿ ಮಲಗಿದರೆ ಲಕ್ಷಗಟ್ಟಲೆ ಕೊಡುವ ಯೋಜನೆ, ಆ ಕವಾಟವನ್ನು ಕಾಪಾಡುವ ತಿಂಗಳ ಪರೀಕ್ಷೆಗೆ ಕೊಡುವುದಿಲ್ಲ. ಹೊರರೋಗಿ ಖರ್ಚು ಇದರೊಳಗೆ ಬರುವುದಿಲ್ಲ. ನಮ್ಮ ತಾಲ್ಲೂಕಿನ ಲ್ಯಾಬಿನಲ್ಲಿ ಒಂದು ಸಲಕ್ಕೆ 300 ರೂಪಾಯಿ. ನನಗೆ ಅದು ಎರಡು ಬ್ಲೌಸಿನ ಹೊಲಿಗೆ. ನಾನು ಹೇಗೋ ಹೊಂದಿಸುತ್ತೇನೆ. ಹೊಂದಿಸಲಾಗದವರು ಪರೀಕ್ಷೆ ಬಿಡುತ್ತಾರೆ, ಮಾತ್ರೆಯನ್ನು ಅಂದಾಜಿನ ಮೇಲೆ ನುಂಗುತ್ತಾರೆ. ಹಾಗೆ ಬಿಟ್ಟವರ ಕವಾಟದ ಮೇಲೆ ರಕ್ತ ಗಟ್ಟಿಯಾದರೆ ಮತ್ತೆ ಐಸಿಯು, ಮತ್ತೆ ಸರ್ಕಾರದ್ದೇ ಲಕ್ಷ ಖರ್ಚು. ಇದೊಂದನ್ನು ಸೇರಿಸಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಈಗ ನಾಲ್ಕು.

ನಮ್ಮ ಮನೆಯಲ್ಲಿ ಸಂಜೆ ಆರಕ್ಕೆ ದೀಪ ಹಚ್ಚಿದ ಕೂಡಲೇ ಅವ್ವನ ಮಾತ್ರೆ. ಕಾಲು ಮಾತ್ರೆಯ ದಿನ ನಾನು ಬಟ್ಟೆ ಕತ್ತರಿಸುವ ಟೇಬಲ್ಲಿನ ಮೇಲೆ ಬ್ಲೇಡಿನಿಂದ ಕೊಯ್ದು ಕೊಡುತ್ತೇನೆ. ಒಂದೇ ವಾರ ಮೆಂತ್ಯ, ಪಾಲಕ್ ಎಂದು ಸೊಪ್ಪು ಹೆಚ್ಚು ತಿಂದರೆ ಐಎನ್‌ಆರ್ ಇಳಿಯುತ್ತದೆ. ಅದಕ್ಕೇ ಸೊಪ್ಪು ಬುಧವಾರ, ಶನಿವಾರ ಮಾತ್ರ, ಒಂದೊಂದು ಬಟ್ಟಲು. ಮಗಳ ಹಳೇ ಕಾಪಿ ಪುಸ್ತಕದಲ್ಲಿ ತಾರೀಖು, ಐಎನ್‌ಆರ್, ಎಷ್ಟು ಮಾತ್ರೆ ಎಂದು ಮೂರು ಗೆರೆ ಎಳೆದಿದ್ದೇವೆ. ವೈದ್ಯರು ಹೇಳಿದ ಮಿತಿ 2.5ರಿಂದ 3.5. ಆ ಮಿತಿಯೊಳಗೆ ಬಂದ ತಿಂಗಳು ಮಗಳು ಅಂಕಿಯ ಸುತ್ತ ಹಸಿರು ಪೆನ್ನಿನಲ್ಲಿ ಗುಂಡು ಹಾಕುತ್ತಾಳೆ.

ರೆಫರಲ್ಲಿನ ಮೂಲ ಪ್ರತಿಯನ್ನು ಆಸ್ಪತ್ರೆಯವರು ಇಟ್ಟುಕೊಂಡರು. ನಾಲ್ಕು ಜೆರಾಕ್ಸ್ ಆ ಪುಸ್ತಕದ ಹಿಂದಿನ ರಟ್ಟಿನೊಳಗಿವೆ, ಆಧಾರ್ ಮತ್ತು ರೇಷನ್ ಕಾರ್ಡಿನ ಪ್ರತಿಗಳ ಜೊತೆ. ಈಗ ಎರಡರಲ್ಲೂ ಅವ್ವನ ಹೆಸರು ಒಂದೇ. ನೀವೂ ಜ್ವರ ನೆಗಡಿ ಏನೂ ಇಲ್ಲದ ದಿನವೇ ಮನೆಯವರ ಎರಡೂ ಕಾರ್ಡು ಪಕ್ಕಪಕ್ಕ ಇಟ್ಟು ಹೆಸರು ಓದಿ ನೋಡಿ, ಗೊತ್ತಾಗದಿದ್ದರೆ 104ಕ್ಕೆ ಫೋನ್ ಮಾಡಿ ಕೇಳಿ.

ಹೋದ ತಿಂಗಳು 2.8 ಬಂದಿತ್ತು. ಬರುವ ಮಂಗಳವಾರ ಮತ್ತೆ ರಕ್ತ ಕೊಡಬೇಕು.